ತಡೆ ಎಲ್ಲಿದೆ ಎಂದು ಮೊದಲು ನೋಡು

ನಮ್ಮ ಮನೆಗೆ ಬರುವ ಮೊದಲು ನಮ್ಮ ಕಂಪ್ಯೂಟರ್ ಎಲ್ಲೋ ನೌಕರಿಯಲ್ಲಿತ್ತು. ಅದರ ಬೆನ್ನಿಗೆ ಅಂಟಿಸಿದ ಸ್ಟಿಕ್ಕರಿನಿಂದ ಕಂಪೆನಿಯ ಹೆಸರನ್ನು ಯಾರೋ ಕೆರೆದು ತೆಗೆದಿದ್ದಾರೆ. ಒಂದು ಸಂಖ್ಯೆ ಮತ್ತು ಬಾರ್‌ಕೋಡ್ ಮಾತ್ರ ಉಳಿದಿವೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯಂತಹ ಕಡೆಯ ದೊಡ್ಡ ಕಚೇರಿಗಳು ಕೆಲವು ವರ್ಷಗಳಿಗೊಮ್ಮೆ ತಮ್ಮ ಯಂತ್ರಗಳನ್ನು ಒಟ್ಟೊಟ್ಟಿಗೆ ಬದಲಾಯಿಸುತ್ತವೆ. ಹಾಗೆ ನಿವೃತ್ತವಾದವುಗಳನ್ನು ಸಗಟು ವ್ಯಾಪಾರಿಗಳು ಕೊಂಡು, ಒರೆಸಿ, ಪರೀಕ್ಷಿಸಿ ಸಾದರ್ ಪತ್ರಪ್ಪ ರಸ್ತೆಯ ಅಂಗಡಿಗಳಿಗೆ ದಾಟಿಸುತ್ತಾರೆ. ಬೆಂಗಳೂರಿಗರ ಬಾಯಲ್ಲಿ ಅದು ಎಸ್.ಪಿ. ರೋಡ್. 2020ರಲ್ಲಿ ಶಾಲೆಗಳು ಮುಚ್ಚಿ ಪಾಠಗಳೆಲ್ಲ ಆನ್‌ಲೈನ್ ಆದಾಗ ಮಗನಿಗಾಗಿ ಅಲ್ಲಿಂದಲೇ ನಾನು ಇದನ್ನು ತಂದೆ. ಮಾನಿಟರ್ ಸಹಿತ 13,000 ರೂಪಾಯಿ. ಆಗ ಅವನಿಗೆ ಹನ್ನೆರಡು ವರ್ಷ.

ನಾನು ಪೀಣ್ಯದವನು. ಅಲ್ಲಿ ಹುಟ್ಟಿದವನಲ್ಲ, ಅಲ್ಲಿ ದುಡಿಯುವವನು ಎಂಬ ಅರ್ಥದಲ್ಲಿ. ಎರಡನೇ ಹಂತದಲ್ಲಿ ಒಂದು ಬಾಡಿಗೆ ಶೆಡ್, ಒಂದು ಲೇತ್, ಒಂದು ಮಿಲ್ಲಿಂಗ್ ಯಂತ್ರ, ಒಂದು ಡ್ರಿಲ್, ನಾನು ಮತ್ತು ಒಬ್ಬ ಸಹಾಯಕ. ದೊಡ್ಡ ಕಾರ್ಖಾನೆಗಳು ಕೊಡುವ ಚಿಕ್ಕ ಚಿಕ್ಕ ಕೆಲಸಗಳನ್ನು ಮಾಡಿಕೊಡುವುದು ನಮ್ಮ ಕಸುಬು. ಪಿನ್, ಬುಷ್, ಕ್ಲಾಂಪ್, ಫಿಕ್ಸ್ಚರ್. ಮನೆ ಹೆಗ್ಗನಹಳ್ಳಿಯಲ್ಲಿ. ಹೆಂಡತಿ ಪೀಣ್ಯದ ಒಂದು ಗಾರ್ಮೆಂಟ್ ಕಾರ್ಖಾನೆಯಲ್ಲಿ ಹೊಲಿಗೆಯ ಸಾಲಿನಲ್ಲಿ ಕೂರುತ್ತಿದ್ದಳು. ಬೆಂಗಳೂರು ಎಂದರೆ ಗಾಜಿನ ಕಟ್ಟಡ ಎಂದು ತಿಳಿದವರಿಗೆ ನಮ್ಮ ಈ ಬೆಂಗಳೂರು ಅಷ್ಟಾಗಿ ಕಾಣಿಸುವುದಿಲ್ಲ. ಆದರೆ ಗಾಜಿನ ಕಟ್ಟಡದಲ್ಲಿ ಹಳತಾದದ್ದು ನಮ್ಮ ಕಡೆಗೆ ಬರುತ್ತದೆ. ಅದು ನಮಗೆ ಹೊಸತು.

2025ರ ಬೇಸಿಗೆಯಲ್ಲಿ ಮಗ ಮೊದಲ ಪಿಯುಸಿ ಮುಗಿಸಿ ರಜೆಯಲ್ಲಿದ್ದ. ಒಂದು ದಿನ ಊಟಕ್ಕೆ ಕುಳಿತಾಗ ಒಂದು ಹಾಳೆಯನ್ನು ನನ್ನ ಮುಂದಿಟ್ಟ. ಹೊಸ ಪ್ರೊಸೆಸರ್, ಹೊಸ ಮದರ್‌ಬೋರ್ಡ್, ಹೊಸ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಕ್ಯಾಬಿನೆಟ್, ಪವರ್ ಸಪ್ಲೈ. ಕೊನೆಯಲ್ಲಿ ಮೊತ್ತ 62,000. ಯಾಕೆ ಎಂದು ಕೇಳಿದೆ. ಪಬ್ಜಿ ಆಡಲು ಎಂದ. ಸುತ್ತಿ ಬಳಸಿ ಓದಿಗೆ ಬೇಕು, ಪ್ರಾಜೆಕ್ಟಿಗೆ ಬೇಕು ಎಂದು ಹೇಳಲಿಲ್ಲ. ಆ ಪ್ರಾಮಾಣಿಕತೆ ನನಗೆ ಹಿಡಿಸಿತು. ಮೊತ್ತ ಹಿಡಿಸಲಿಲ್ಲ.

ಈ ಆಟದ ಹೆಸರು ಗೊತ್ತಿಲ್ಲದ ಮನೆ ಕಡಿಮೆ. ದಕ್ಷಿಣ ಕೊರಿಯಾದಲ್ಲಿ ಹುಟ್ಟಿ 2017ರಲ್ಲಿ ಕಂಪ್ಯೂಟರಿಗೆ ಬಂದ ಆಟ ಇದು. ಒಂದು ವಿಮಾನದಿಂದ ನೂರರಷ್ಟು ಆಟಗಾರರು ಒಂದು ದ್ವೀಪಕ್ಕೆ ಇಳಿಯುತ್ತಾರೆ, ಕೊನೆಗೆ ಉಳಿದವರು ಗೆಲ್ಲುತ್ತಾರೆ. ನಾಲ್ವರು ಸೇರಿ ತಂಡ ಕಟ್ಟಿಯೂ ಆಡಬಹುದು. ನಮ್ಮ ದೇಶದಲ್ಲಿ ಇದು ಮನೆಮಾತಾದದ್ದು ಮೊಬೈಲಿನ ಮೂಲಕ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರಕಾರ ನಿಷೇಧಿಸಿದ 118 ಆ್ಯಪ್‌ಗಳಲ್ಲಿ ಪಬ್ಜಿ ಮೊಬೈಲ್ ಕೂಡಾ ಇತ್ತು. ಅಂದು ನನ್ನ ಮಗ ತಾಯಿಯ ಫೋನ್ ಹಿಡಿದುಕೊಂಡು ಅತ್ತದ್ದು ನೆನಪಿದೆ. ಮರುವರ್ಷ ಅದೇ ಕಂಪೆನಿ ಭಾರತಕ್ಕೆಂದೇ ಬೇರೆ ಹೆಸರಿನಲ್ಲಿ ಮೊಬೈಲ್ ಆಟ ತಂದಿತು. 2022ರಲ್ಲಿ ಅದೂ ಆ್ಯಪ್ ಅಂಗಡಿಗಳಿಂದ ಕಣ್ಮರೆಯಾಗಿ 2023ರಲ್ಲಿ ಮರಳಿತು. ಇತ್ತ ಕಂಪ್ಯೂಟರಿನ ಆಟ 2022ರ ಜನವರಿಯಿಂದ ಎಲ್ಲರಿಗೂ ಉಚಿತವಾಯಿತು. ಆಟ ಉಚಿತ ಎಂಬುದು ನಿಜ. ಅದನ್ನು ಓಡಿಸಬಲ್ಲ ಯಂತ್ರ ಮಾತ್ರ ಉಚಿತವಲ್ಲ.

ಮಗನ ತಂಡದ ಉಳಿದ ಮೂವರಲ್ಲಿ ಒಬ್ಬ ತುಮಕೂರಿನವನು, ಒಬ್ಬ ಹೊಸೂರಿನವನು, ಇನ್ನೊಬ್ಬ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನವನು. ಮುಖ ನೋಡದ ಗೆಳೆಯರು. ಕನ್ನಡ, ತಮಿಳು, ಹಿಂದಿ ಎಲ್ಲವನ್ನೂ ಬೆರೆಸಿ ಮಾತಾಡಿಕೊಳ್ಳುತ್ತಾರೆ. ಅವರೊಂದಿಗೆ ಆಡಲು ಇವನು ಟ್ಯೂಷನ್ ಮುಗಿಸಿ ದಾಸರಹಳ್ಳಿ ಕಡೆಯ ಒಂದು ಗೇಮಿಂಗ್ ಕೆಫೆಗೆ ಹೋಗುತ್ತಿದ್ದ. ಗಂಟೆಗೆ 60 ರೂಪಾಯಿ. ವಾರಕ್ಕೆ ಹತ್ತು ಗಂಟೆ ಎಂದರೂ ತಿಂಗಳಿಗೆ 2,400. ಅಷ್ಟು ಹಣ ಅವನಲ್ಲಿರಲಿಲ್ಲವಾದ್ದರಿಂದ ವಾರಕ್ಕೆ ಎರಡು ಗಂಟೆ ಆಡಿ, ಉಳಿದ ಹೊತ್ತು ಬೇರೆಯವರು ಆಡುವುದನ್ನು ನೋಡುತ್ತಾ ನಿಲ್ಲುತ್ತಿದ್ದನಂತೆ. ಮನೆಯ ಕಂಪ್ಯೂಟರಿನಲ್ಲಿ ಒಮ್ಮೆ ಪ್ರಯತ್ನಿಸಿದ್ದಾನೆ. ಪರದೆಯ ಮೇಲೆ ದ್ವೀಪ ಮೂಡುವಷ್ಟರಲ್ಲಿ ವಿಮಾನ ದಾಟಿ ಹೋಗಿ, ಗೆಳೆಯರು ಇಳಿದು, ಒಬ್ಬ ಸತ್ತೂ ಆಗಿತ್ತು. "ನಿನ್ನದು ಆಫೀಸ್ ಕಂಪ್ಯೂಟರ್, ಅದರಲ್ಲಿ ಎಕ್ಸೆಲ್ ಆಡು" ಎಂದು ಯಾರೋ ನಕ್ಕರಂತೆ. ಇದನ್ನು ಅವನು ನನಗೆ ಹೇಳಲಿಲ್ಲ, ತಾಯಿಗೆ ಹೇಳಿದ್ದ.

ಆ ಹೊತ್ತಿಗೆ ನಮ್ಮ ಕೈಯಲ್ಲಿ ಚೀಟಿಯ 30,000 ರೂಪಾಯಿ ಇತ್ತು. ಅದು ಹೆಂಡತಿಯ ಹೊಲಿಗೆ ಯಂತ್ರಕ್ಕೆಂದು ಇಟ್ಟದ್ದು. ಕಾರ್ಖಾನೆಯ ಸಾಲಿನಲ್ಲಿ ದಿನವಿಡೀ ಕೂತು ಅವಳ ಬೆನ್ನು ಸೋತಿತ್ತು. ಮನೆಯಲ್ಲೇ ಒಂದು ಮೋಟಾರ್ ಯಂತ್ರ ಹಾಕಿಕೊಂಡು ರವಿಕೆ, ಯೂನಿಫಾರಂ ಹೊಲಿಯುವುದು ಅವಳ ಯೋಜನೆ. ನಾನು ಮಗನಿಗೆ ಇಲ್ಲ ಎಂದು ಹೇಳಿ ಮಾತು ಮುಗಿಸುವವನಿದ್ದೆ. ಅವಳೇ ತಡೆದಳು. ಸೆಕೆಂಡ್ ಹ್ಯಾಂಡ್ ಹೊಲಿಗೆ ಯಂತ್ರ ಹದಿನೈದು ಸಾವಿರಕ್ಕೆ ಸಿಗುತ್ತದೆ, ಉಳಿದ ಹದಿನೈದು ಸಾವಿರದಲ್ಲಿ ಏನಾಗುತ್ತದೋ ನೋಡಿ ಎಂದಳು. ಕೆಫೆಯ ಕತ್ತಲೆ ಕೋಣೆಯಲ್ಲಿ ನಿಂತು ಬೇರೆಯವರ ಬೆನ್ನು ನೋಡುವುದಕ್ಕಿಂತ ನನ್ನ ಕಣ್ಣೆದುರು ಆಡಲಿ ಎಂಬುದು ಅವಳ ವಾದ. "ದುಡ್ಡಿಗೆ ನೀವು ಲೆಕ್ಕ ಇಡಿ, ಅವನ ಸಮಯಕ್ಕೆ ನಾನು ಲೆಕ್ಕ ಇಡುತ್ತೇನೆ" ಎಂದಳು.

62,000ದ ಹಾಳೆಯನ್ನು ಹದಿನೈದು ಸಾವಿರಕ್ಕೆ ಇಳಿಸುವುದು ಹೇಗೆ? ಇಲ್ಲಿ ನನ್ನ ಕಸುಬು ನೆರವಿಗೆ ಬಂತು. ನಮ್ಮಲ್ಲಿ ಒಂದು ಕೆಲಸ ನಾಲ್ಕು ಯಂತ್ರಗಳ ಮೇಲೆ ಹಾದುಹೋಗುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ ಮೂರು ಯಂತ್ರಗಳು ನೂರು ತುಂಡು ಮಾಡುತ್ತವೆ, ಒಂದು ಮೂವತ್ತು ಮಾಡುತ್ತದೆ. ಕೊನೆಗೆ ಹೊರಬರುವುದು ಮೂವತ್ತೇ. ಆಗ ಬುದ್ಧಿವಂತ ಮಾಲಕ ನಾಲ್ಕನ್ನೂ ಬದಲಾಯಿಸುವುದಿಲ್ಲ. ತಡೆಯುತ್ತಿರುವ ಆ ಒಂದನ್ನು ಹುಡುಕುತ್ತಾನೆ. ಅದು ಸರಿಯಾದ ಮೇಲೆ ತಡೆ ಇನ್ನೊಂದು ಕಡೆಗೆ ಸರಿಯುತ್ತದೆ, ಆಗ ಅದನ್ನು ನೋಡುತ್ತಾನೆ. ಮಗನಿಗೆ ಇದನ್ನೇ ಹೇಳಿದೆ. ಕಂಪ್ಯೂಟರಿನಲ್ಲಿ ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಮೀಟರ್ ಇಲ್ಲವೇ ಎಂದು ಕೇಳಿದೆ. ಇದೆ ಎಂದು ಟಾಸ್ಕ್ ಮ್ಯಾನೇಜರ್ ತೆರೆದು ತೋರಿಸಿದ. ಒಂದು ಸಂಜೆ ಇಬ್ಬರೂ ಅದರ ಮುಂದೆ ಕುಳಿತೆವು.

ಕಂಪ್ಯೂಟರ್ ಚಾಲೂ ಆಗಿ ಮೂರು ನಿಮಿಷವಾದರೂ ಡಿಸ್ಕಿನ ಅಂಕಿ ನೂರು ಶೇಕಡಾದಿಂದ ಇಳಿಯಲಿಲ್ಲ. 4 ಜಿಬಿ ರ‍್ಯಾಮ್ ಬ್ರೌಸರ್ ತೆರೆದ ಕೂಡಲೇ ತುಂಬಿಹೋಯಿತು. ರ‍್ಯಾಮ್ ಎಂದರೆ ಕೆಲಸದ ಮೇಜು, ಡಿಸ್ಕ್ ಎಂದರೆ ಗೋದಾಮು. ಮೇಜು ಚಿಕ್ಕದಾದರೆ ಸಾಮಾನನ್ನು ಕ್ಷಣಕ್ಷಣಕ್ಕೂ ಗೋದಾಮಿಗೆ ಹೊತ್ತು ತರಬೇಕು. ನಮ್ಮ ಗೋದಾಮೋ ಹಳೆಯ ಕಾಲದ ತಿರುಗುವ ಹಾರ್ಡ್ ಡಿಸ್ಕ್. ನಿಮಿಷಕ್ಕೆ 7,200 ಸುತ್ತು. ನನ್ನ ಲೇತಿನ ಸ್ಪಿಂಡಲ್ ಕನಸಿನಲ್ಲೂ ಕಾಣದ ವೇಗ ಅದು. ಆದರೂ ಒಂದು ಸೂಜಿಯಂತಹ ತಲೆ ಅತ್ತಿತ್ತ ಓಡಾಡಿ ತುಣುಕುಗಳನ್ನು ಹೆಕ್ಕಬೇಕಾದ್ದರಿಂದ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಎತ್ತಿನಗಾಡಿ. ಇಷ್ಟೆಲ್ಲ ನಡೆಯುತ್ತಿದ್ದಾಗ ಪ್ರೊಸೆಸರ್ ಮಾತ್ರ ಇಪ್ಪತ್ತು ಶೇಕಡಾ ದುಡಿದು ಆರಾಮವಾಗಿ ಕುಳಿತಿತ್ತು. ಅದು ಇಂಟೆಲ್ ಐ5ನ ನಾಲ್ಕನೆಯ ತಲೆಮಾರಿನದ್ದು, ನಾಲ್ಕು ಕೋರ್‌ಗಳದ್ದು. ಮಗ ಆಟದ ಕನಿಷ್ಠ ಅಗತ್ಯಗಳ ಪಟ್ಟಿ ತೆಗೆದು ನೋಡಿದ. ಅಲ್ಲಿ ಹೇಳಿದ ಪ್ರೊಸೆಸರ್ ಇದೇ ತಲೆಮಾರಿನದ್ದು! ಅವನು ಮೊದಲು ಬದಲಾಯಿಸಲು ಹೊರಟದ್ದು ಇದನ್ನೇ. ಹಾಳೆಯಲ್ಲಿನ ಪ್ರೊಸೆಸರ್, ಮದರ್‌ಬೋರ್ಡ್, ಕ್ಯಾಬಿನೆಟ್, ಪವರ್ ಸಪ್ಲೈಗಳ ಮೇಲೆ ಅವನೇ ಗೆರೆ ಎಳೆದ.

ಮುಂದಿನ ಶನಿವಾರ ಪೀಣ್ಯದಿಂದ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದೆವು. ಎಸ್.ಪಿ. ರೋಡ್ ನೋಡದವರಿಗೆ ಅದನ್ನು ವಿವರಿಸುವುದು ಕಷ್ಟ. ಎರಡು ಸ್ಕೂಟರ್ ಎದುರಾದರೆ ಸಿಕ್ಕಿಬೀಳುವ ಓಣಿಗಳು. ಒಂದು ಅಂಗಡಿಯಲ್ಲಿ ಬರೀ ಕೇಬಲ್, ಇನ್ನೊಂದರಲ್ಲಿ ಬರೀ ಫ್ಯಾನ್, ಮತ್ತೊಂದರಲ್ಲಿ ತೆಂಗಿನಕಾಯಿಯಂತೆ ರಾಶಿ ಹಾಕಿದ ಕೀಬೋರ್ಡುಗಳು. ಮಾರವಾಡಿ, ತಮಿಳು, ಉರ್ದು, ಕನ್ನಡ ಎಲ್ಲ ಭಾಷೆಗಳಲ್ಲೂ ಚೌಕಾಸಿ ನಡೆಯುತ್ತದೆ. ಯಾವ ವಸ್ತುವೂ ಅಲ್ಲಿ ಪೂರ್ತಿ ಸಾಯುವುದಿಲ್ಲ. ನಾವು 480 ಜಿಬಿಯ ಹೊಸ ಎಸ್‌ಎಸ್‌ಡಿ ಒಂದನ್ನು 2,800ಕ್ಕೆ ಕೊಂಡೆವು. ಅದರಲ್ಲಿ ತಿರುಗುವ ಭಾಗವೇ ಇಲ್ಲ. ನಮ್ಮ ಮದರ್‌ಬೋರ್ಡಿಗೆ ಬೇಕಾದದ್ದು ಡಿಡಿಆರ್3 ಎಂಬ ಹಳೆಯ ಬಗೆಯ ರ‍್ಯಾಮ್. ಯಾರಿಗೂ ಬೇಡವಾದ್ದರಿಂದ ಬಳಸಿದ 8 ಜಿಬಿಯ ಎರಡು ಪಟ್ಟಿಗಳು 1,800ಕ್ಕೆ ಸಿಕ್ಕವು. ಒಂದರ ಬದಲು ಜೋಡಿ ಹಾಕಿದರೆ ದತ್ತಾಂಶಕ್ಕೆ ಎರಡು ದಾರಿ ಸಿಗುತ್ತದೆ ಎಂದು ಅಂಗಡಿಯವರು ಹೇಳಿದರು.

ಮನೆಗೆ ಬಂದು ಇಷ್ಟನ್ನು ಜೋಡಿಸಿದಾಗಲೇ ಕಂಪ್ಯೂಟರ್ ಬೇರೆಯದೇ ಆಯಿತು. ಮೂರು ನಿಮಿಷದ ಕೆಲಸ ಇಪ್ಪತ್ತು ಸೆಕೆಂಡಿನಲ್ಲಿ ಮುಗಿಯಿತು. ಆಟವೂ ತೆರೆದುಕೊಂಡಿತು. ಆದರೆ ಓಡಲಿಲ್ಲ, ತೆವಳಿತು. ಈಗ ತಡೆ ಚಿತ್ರ ಬಿಡಿಸುವ ಕಡೆಗೆ ಸರಿದಿತ್ತು. ಸಿನೆಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ, ಅವು ಮೊದಲೇ ತೆಗೆದಿಟ್ಟವು. ಆಟದಲ್ಲಿ ಹಾಗಲ್ಲ. ಆಟಗಾರ ಕತ್ತು ಹೊರಳಿಸಿದಂತೆ ಮರ, ಮನೆ, ನೆರಳು ಎಲ್ಲವನ್ನೂ ಆ ಕ್ಷಣದಲ್ಲೇ ಹೊಸದಾಗಿ ಬಿಡಿಸಬೇಕು. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಒಂದೊಂದಕ್ಕೂ ಸಿಗುವ ಸಮಯ ಹದಿನೇಳು ಮಿಲಿಸೆಕೆಂಡಿಗೂ ಕಡಿಮೆ. ಪ್ರೊಸೆಸರಿನೊಳಗಿನ ಸಣ್ಣ ಗ್ರಾಫಿಕ್ಸ್ ವ್ಯವಸ್ಥೆ ಎಕ್ಸೆಲ್ ಹಾಳೆಗೆ ಸಾಕು, ಇದಕ್ಕೆ ಸಾಲದು.

ಗ್ರಾಫಿಕ್ಸ್ ಕಾರ್ಡ್ ಆರಿಸುವುದು ನಿಜವಾದ ಪರೀಕ್ಷೆಯಾಯಿತು. ನಮ್ಮದು ಕಚೇರಿಯ ಮೇಜಿಗೆಂದು ಮಾಡಿದ ತೆಳ್ಳಗಿನ ಕ್ಯಾಬಿನೆಟ್. ಮಾಮೂಲಿ ಎತ್ತರದ ಕಾರ್ಡ್ ಒಳಗೆ ಹೋಗುವುದೇ ಇಲ್ಲ. ಪವರ್ ಸಪ್ಲೈ ಸುಮಾರು 250 ವ್ಯಾಟಿನದ್ದು, ಕಾರ್ಡಿಗೆ ಪ್ರತ್ಯೇಕ ವಿದ್ಯುತ್ ಕೊಡುವ ತಂತಿಯೂ ಅದರಲ್ಲಿಲ್ಲ. ಮದರ್‌ಬೋರ್ಡಿನ ಗೂಡು 75 ವ್ಯಾಟ್‌ವರೆಗೆ ಕೊಡಬಲ್ಲದು. ಅಷ್ಟರಲ್ಲೇ ಬದುಕಬಲ್ಲ ಕಾರ್ಡ್ ಬೇಕು. ಮಗ ಕಾಗದದ ಮೇಲೆ ಕೂಡಿಸಿದ: ಪ್ರೊಸೆಸರಿಗೆ 84, ಕಾರ್ಡಿಗೆ 75, ಉಳಿದದ್ದಕ್ಕೆಲ್ಲ 40, ಒಟ್ಟು 199. ಶೆಡ್ಡಿನ ಮೋಟಾರುಗಳಿಗೆ ನಾನು ಮಾಡುವ ಲೆಕ್ಕವೇ ಅದು. ಕೊನೆಗೆ ಜಿಟಿಎಕ್ಸ್ 1650 ಎಂಬ, 2019ರಲ್ಲಿ ಬಂದ ಕಾರ್ಡಿನ ಗಿಡ್ಡ ಮಾದರಿಯೊಂದು ಬಳಸಿದ್ದು ಸಿಕ್ಕಿತು. 8,500 ರೂಪಾಯಿ, ಒಂದು ವಾರದ ಪರೀಕ್ಷಾ ಅವಧಿ. ಕಾರ್ಡ್ ಗಿಡ್ಡವಾಗಿತ್ತು, ಸರಿ. ಆದರೆ ಅದನ್ನು ಕ್ಯಾಬಿನೆಟ್ಟಿನ ಬೆನ್ನಿಗೆ ಬಿಗಿಯುವ ಲೋಹದ ಪಟ್ಟಿ, ಅಂದರೆ ಬ್ರಾಕೆಟ್, ದೊಡ್ಡ ಕ್ಯಾಬಿನೆಟ್ಟಿನದ್ದು. 120 ಮಿಲಿಮೀಟರ್ ಎತ್ತರ. ನಮಗೆ ಬೇಕಾದದ್ದು ಸುಮಾರು 80. ಚಿಕ್ಕ ಬ್ರಾಕೆಟ್ ಹೊಸ ಕಾರ್ಡಿನ ಡಬ್ಬಿಯಲ್ಲಿ ಜೊತೆಗೇ ಬರುತ್ತದಂತೆ. ಹಳೆಯದನ್ನು ಕೊಂಡವರಿಗೆ ಆ ಡಬ್ಬಿ ಎಲ್ಲಿಂದ ಬರಬೇಕು? ಮಗನ ಮುಖ ಸಣ್ಣದಾಯಿತು. ವಾಪಸ್ ಕೊಡೋಣ ಎಂದ.

ಭಾನುವಾರ ಅವನನ್ನು ಶೆಡ್ಡಿಗೆ ಕರೆದುಕೊಂಡು ಹೋದೆ.

ಹದಿನೇಳು ವರ್ಷದ ನನ್ನ ಮಗ ಅದುವರೆಗೆ ಶೆಡ್ಡಿಗೆ ಬಂದದ್ದು ಊಟದ ಡಬ್ಬಿ ಕೊಡಲು, ಕೀಲಿ ಒಯ್ಯಲು. ಬಾಗಿಲಲ್ಲೇ ನಿಂತು ಹೋಗುತ್ತಿದ್ದ. ಕಾಲೇಜಿನ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂದಿದ್ದಲ್ಲಿ 'ಬಿಸಿನೆಸ್' ಎಂದು ಬರೆದಿದ್ದ. ಅದೇನೂ ಸುಳ್ಳಲ್ಲ. ಆದರೆ ಎಣ್ಣೆ ಮೆತ್ತಿದ ಕೈಯ ವಾಸನೆ ಆ ಶಬ್ದದಲ್ಲಿ ಬರುವುದಿಲ್ಲ, ಅದಕ್ಕಾಗಿಯೇ ಅದನ್ನು ಆರಿಸಿದ್ದ ಎಂದು ನನಗೆ ಗೊತ್ತಿತ್ತು. ನಾನು ಏನೂ ಹೇಳಿರಲಿಲ್ಲ. ಪೀಣ್ಯದ ತಂದೆಯರಿಗೆಲ್ಲ ತಮ್ಮ ಮಕ್ಕಳು ಗಾಜಿನ ಕಟ್ಟಡಕ್ಕೆ ಹೋಗಲಿ ಎಂಬ ಆಸೆ ಇರುತ್ತದೆ. ನಮ್ಮ ಆಸೆಯನ್ನೇ ಮಕ್ಕಳು ನಾಚಿಕೆಯಾಗಿ ಕಲಿತರೆ ಅವರನ್ನು ದೂರುವುದು ಹೇಗೆ?

ಒಂದು ಮಿಲಿಮೀಟರಿಗಿಂತ ತೆಳುವಾದ ಉಕ್ಕಿನ ತಗಡಿನ ಚೂರೊಂದನ್ನು ಹುಡುಕಿದೆ. ವರ್ನಿಯರ್ ಅವನ ಕೈಗೆ ಕೊಟ್ಟೆ. ಭೌತಶಾಸ್ತ್ರದ ಲ್ಯಾಬಿನಲ್ಲಿ ಅದನ್ನು ಹಿಡಿದಿದ್ದ, ಆದರೆ ಅಲ್ಲಿ ಅಳತೆ ತಪ್ಪಿದರೆ ಅಂಕ ಹೋಗುತ್ತದೆ, ಇಲ್ಲಿ ಕಾರ್ಡ್ ಕೂರುವುದಿಲ್ಲ. ಕಾರ್ಡಿನ ಕಿಂಡಿಗಳ ಅಂತರ, ತಿರುಪಿನ ತೂತಿನ ಜಾಗ, ಮೇಲ್ಗಡೆ ಮಡಚಬೇಕಾದ ಕಿವಿ, ಕೆಳಗೆ ಕಿರಿದಾಗಬೇಕಾದ ನಾಲಿಗೆ ಎಲ್ಲವನ್ನೂ ಅಳೆದು ಕಾಗದದ ಮೇಲೆ ಬರೆದ. ನಾನು ತಗಡಿನ ಮೇಲೆ ಗೆರೆ ಎಳೆದುಕೊಟ್ಟೆ, ಸಾಲು ತೂತು ಕೊರೆದುಕೊಟ್ಟೆ. ಕಿಂಡಿಗಳನ್ನು ಅರ ಹಾಕಿ ಆಕಾರಕ್ಕೆ ತರುವ ಕೆಲಸ ಅವನದ್ದು. ಅರ ಹಿಡಿಯುವುದು ನೋಡಲು ಸುಲಭ. ಮುಂದಕ್ಕೆ ತಳ್ಳುವಾಗ ಒತ್ತಬೇಕು, ಹಿಂದಕ್ಕೆ ಎಳೆಯುವಾಗ ಬಿಡಬೇಕು, ಕೈ ತೂಗಬಾರದು. ಅರ್ಧ ಗಂಟೆಯಲ್ಲಿ ಅಂಗೈ ಕೆಂಪಾಯಿತು. ಮೂರು ಗಂಟೆ ಮಾಡಿದ. ನಡುವೆ ಒಮ್ಮೆ, "ದಿನಾ ಹೀಗೇ ನಿಂತುಕೊಂಡೇ ಇರುತ್ತೀಯಾ?" ಎಂದು ಕೇಳಿದ. ಹೌದು ಎಂದೆ. ಮತ್ತೆ ಏನೂ ಕೇಳಲಿಲ್ಲ.

ಊಟದ ಹೊತ್ತಿಗೆ ಅವನ ಕಣ್ಣು ಲೇತಿನ ಮೇಲೆ ಬಿತ್ತು. 1953ರಲ್ಲಿ ಇಲ್ಲೇ ಜಾಲಹಳ್ಳಿಯಲ್ಲಿ ಆರಂಭವಾದ ಎಚ್.ಎಂ.ಟಿ.ಯ ಲೇತ್ ಅದು. 1970ರ ದಶಕದ್ದು, ನನ್ನ ವಯಸ್ಸಿನದ್ದೇ. ನಾನು ಕೊಂಡದ್ದು ಮೂರನೆಯ ಕೈಯಿಂದ. ಎರಡು ಸಲ ಮೋಟಾರಿನ ವೈಂಡಿಂಗ್ ಆಗಿದೆ, ಒಂದು ಸಲ ಬೆಡ್ಡನ್ನು ಕೆರೆದು ಸಮತಟ್ಟು ಮಾಡಿಸಿದ್ದೇನೆ, ಬೇರಿಂಗ್‌ಗಳನ್ನು ಬದಲಾಯಿಸಿದ್ದೇನೆ, ಅಳತೆ ತೋರಿಸುವ ಡಿಜಿಟಲ್ ಪಟ್ಟಿ ಹಾಕಿಸಿದ್ದೇನೆ. ಇವತ್ತೂ ಕೂದಲೆಳೆಯ ನಿಖರತೆಯಲ್ಲಿ ಕೆಲಸ ಕೊಡುತ್ತದೆ. ಪೀಣ್ಯದ ಶೆಡ್ಡುಗಳಲ್ಲಿ ಇಂತಹ ಲೇತ್‌ಗಳು ಅಪರೂಪವೇನಲ್ಲ. "ಇದನ್ನೂ ನೀನು ಅಪ್‌ಗ್ರೇಡ್ ಮಾಡುತ್ತಲೇ ಇದ್ದೀಯಲ್ಲ" ಎಂದು ಮಗ ಹೇಳಿದಾಗ, ಅವನ ಹಾಳೆಯ ಶಬ್ದ ನನ್ನ ಶೆಡ್ಡಿನೊಳಗೆ ಬಂದಂತಾಯಿತು. ನಾವು ಅದನ್ನು ರಿಪೇರಿ ಎನ್ನುತ್ತೇವೆ.

ಬ್ರಾಕೆಟ್ ಮುಗಿದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ, ಒಣಗಿಸಿಯೇ ಮನೆಗೆ ತಂದೆವು. ಉಕ್ಕಿನ ಪುಡಿಯ ಒಂದು ಕಣ ಮದರ್‌ಬೋರ್ಡಿನ ಮೇಲೆ ಬಿದ್ದರೂ ಶಾರ್ಟ್ ಆದೀತು. ಕಾರ್ಡ್ ಗೂಡಿಗೆ ಕೂತಿತು. ಬ್ರಾಕೆಟ್ಟಿನ ತಿರುಪು ಸಲೀಸಾಗಿ ತಿರುಗಿತು. ಪ್ರೊಸೆಸರಿನ ಮೇಲಿನ ಒಣಗಿದ ಪೇಸ್ಟ್ ಕೆರೆದು 150 ರೂಪಾಯಿಯ ಹೊಸ ಪೇಸ್ಟ್ ಹಚ್ಚಿದೆವು. ಒಟ್ಟು ಖರ್ಚು 13,250. ಉಳಿದ 1,750ನ್ನು ಮಗ ತಾಯಿಯ ಕೈಗೆ ಕೊಟ್ಟ. ಅಂದು ರಾತ್ರಿ ಅವನ ಪರದೆಯ ಮೂಲೆಯಲ್ಲಿ ಚಿತ್ರಗಳ ಲೆಕ್ಕ ಐವತ್ತೈದು, ಅರವತ್ತು ಎಂದು ಓಡಾಡುತ್ತಿತ್ತು. ವಿಮಾನ ಬರುವ ಮೊದಲೇ ಅವನು ದ್ವೀಪದ ಮೈದಾನದಲ್ಲಿ ಕಾದು ನಿಂತಿದ್ದ.

ಇಷ್ಟಕ್ಕೆ ನಿಲ್ಲಿಸಿದರೆ ಕತೆ ಸುಖಾಂತವಾಗುತ್ತದೆ. ಆದರೆ ಅಪ್‌ಗ್ರೇಡಿನ ಗುಣವೇ ನಿಲ್ಲದಿರುವುದು. ಎರಡೇ ವಾರದಲ್ಲಿ ಹೊಸ ತಡೆ ಕಾಣಿಸಿತು. ಈ ಆಟವನ್ನು ನಡೆಸುವ ಸರ್ವರ್ ಸಿಂಗಾಪುರದ ಕಡೆಗಿದೆ. ಗುಂಡು ಹಾರಿಸಿದ ಸುದ್ದಿ ಅಲ್ಲಿಗೆ ಹೋಗಿ ಮರಳಬೇಕು. ಇದಕ್ಕೆ ವೇಗದ ಬ್ರಾಡ್‌ಬ್ಯಾಂಡ್ ಬೇಕು ಎಂದ ಮಗ. ಸರಿ, ಲೆಕ್ಕ ಮಾಡು ಎಂದೆ. ಬೆಂಗಳೂರಿನಿಂದ ಸಿಂಗಾಪುರಕ್ಕೆ ನೇರ ದೂರ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಿ ಬರಲು ಮೂವತ್ತು ಮಿಲಿಸೆಕೆಂಡಿಗಿಂತ ಹೆಚ್ಚು ಬೇಕೇ ಬೇಕು. ನಡುವಿನ ತಿರುವುಗಳು, ನಿಲುಗಡೆಗಳು ಸೇರಿದರೆ ಅದರ ಎರಡು ಪಟ್ಟು. ಇದನ್ನು ಯಾವ ಅಂಗಡಿಯಲ್ಲೂ ಕೊಳ್ಳಲಾಗದು. ವೈಟ್‌ಫೀಲ್ಡಿನ ಗೆಳೆಯನ ಒಂದೂವರೆ ಲಕ್ಷದ ಕಂಪ್ಯೂಟರಿಗೂ ಸಿಂಗಾಪುರ ಅಷ್ಟೇ ದೂರ. ಈ ಮಾತು ಮಗನಿಗೆ ಎಷ್ಟು ಸಮಾಧಾನ ತಂದಿತೆಂದರೆ, ಅದನ್ನು ಆ ಗೆಳೆಯನಿಗೇ ಹೇಳಿ ನಕ್ಕ.

ಇನ್ನೊಂದು ತಡೆಯನ್ನು ಅವನ ತಾಯಿ ಹಾಕಿದಳು, ಸಮಯದ್ದು. ಆನ್‌ಲೈನ್ ಆಟಕ್ಕೆ ವಿರಾಮದ ಗುಂಡಿ ಇಲ್ಲ. ನಡುವೆ ಎದ್ದು ಹೋದರೆ ತಂಡದ ಮೂವರು ಬೀದಿಪಾಲು. ಒಂದು ಪಂದ್ಯ ಅರ್ಧ ಗಂಟೆ ಹಿಡಿಯಬಹುದು. ಆದ್ದರಿಂದ ಅವಳ ನಿಯಮ ಸರಳ: ಊಟಕ್ಕೆ, ನಿದ್ರೆಗೆ, ಪಾಠಕ್ಕೆ ನಲ್ವತ್ತು ನಿಮಿಷ ಇರುವಾಗ ಹೊಸ ಪಂದ್ಯ ಆರಂಭಿಸುವಂತಿಲ್ಲ. ಕಾಲೇಜಿನ ದಿನ ಎರಡು ಪಂದ್ಯ, ಭಾನುವಾರ ನಾಲ್ಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಗೇಮಿಂಗ್ ಗೀಳನ್ನು ರೋಗಗಳ ಪಟ್ಟಿಗೆ ಸೇರಿಸಿತು. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲವನ್ನೂ ಆಟ ಹಿಂದಕ್ಕೆ ತಳ್ಳುವುದು, ಹಾನಿ ಕಂಡರೂ ಬಿಡಲಾಗದಿರುವುದು ಅದರ ಲಕ್ಷಣಗಳು. ನಮ್ಮ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಆರೋಗ್ಯಕರ ಬಳಕೆಗೆಂದು 'ಶಟ್' ಎಂಬ ಕ್ಲಿನಿಕ್ ತೆರೆದಿದೆ. ಭಯಪಡಬೇಕಾದವರು ಇದ್ದಾರೆ ಎಂಬುದು ಸುಳ್ಳಲ್ಲ. ಹಣ ಕಟ್ಟಿ ಆಡುವ ಆಟಗಳಿಂದ ಮನೆಗಳು ಮುಳುಗಿದ್ದಕ್ಕೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅವುಗಳನ್ನು ನಿಷೇಧಿಸುವ ಕಾನೂನನ್ನೇ ತಂದಿತು. ನಮ್ಮ ಹುಡುಗನದ್ದು ಆ ಬಗೆಯದಲ್ಲ. ಆದರೂ ಬಣ್ಣದ ಅಂಗಿ, ಬಂದೂಕಿನ ಅಲಂಕಾರ ಎಂದು ಇದರಲ್ಲೂ ಹಣ ಕೀಳುವ ಅಂಗಡಿ ಇದೆ. ಅದರ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ತಾಯಿಯೇ ಇಟ್ಟುಕೊಂಡಿದ್ದಾಳೆ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಬೆಂಬಲ ಮುಗಿಯಿತು. ಮುಂದಿನ ಆವೃತ್ತಿ ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನ ಎಂಟನೆಯ ತಲೆಮಾರಿನಿಂದ ಈಚೆಗಿನ ಪ್ರೊಸೆಸರುಗಳನ್ನು. ನಮ್ಮದು ನಾಲ್ಕನೆಯದ್ದು. ಸುರಕ್ಷತೆಯ ಅಪ್‌ಡೇಟ್‌ಗಳನ್ನು ಮಾತ್ರ 2026ರ ಅಕ್ಟೋಬರ್‌ವರೆಗೆ ಪಡೆಯುವ ಅವಕಾಶವಿತ್ತು, ಅದಕ್ಕೆ ನೋಂದಾಯಿಸಿಕೊಂಡೆವು. ಎಸ್‌ಎಸ್‌ಡಿ, ರ‍್ಯಾಮ್, ಕಾರ್ಡ್ ಎಲ್ಲವೂ ಸರಿಯಾಗಿದ್ದೂ ಒಂದು ಯಂತ್ರ ಕ್ಯಾಲೆಂಡರಿನ ಒಂದು ದಿನಾಂಕಕ್ಕೆ ಮುದಿಯಾಗುವುದು ನನ್ನಂತಹ ಲೇತಿನವನಿಗೆ ಅರ್ಥವಾಗುವುದು ಕಷ್ಟ. ಲೇತ್ ಹಳತಾದರೆ ಅದು ಅಳತೆಯಲ್ಲಿ ಕಾಣುತ್ತದೆ. ಕಂಪ್ಯೂಟರ್ ಹಳತಾಯಿತೆಂದು ಬೇರೆಯವರು ಬಂದು ಹೇಳುತ್ತಾರೆ. ಸುರಕ್ಷತೆಯ ಕಾರಣ ನಿಜವಿರಬಹುದು. ಆದರೆ ಆ ಮಾತು ಕೇಳಿದ ಕೂಡಲೇ ಇಡೀ ಪೆಟ್ಟಿಗೆಯನ್ನು ಎಸೆಯುವ ಮೊದಲು ಒಮ್ಮೆ ಮುಚ್ಚಳ ತೆಗೆದು ನೋಡಬೇಕು. ಎಸೆದದ್ದು ಎಲ್ಲಿಗೂ ಹೋಗುವುದಿಲ್ಲ. ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಮರುಬಳಕೆ ಘಟಕ 'ಇ-ಪರಿಸರ' 2005ರಲ್ಲಿ ಆರಂಭವಾದದ್ದು ನಮ್ಮ ತುಮಕೂರು ರಸ್ತೆಯಲ್ಲೇ ಮುಂದೆ ಸಿಗುವ ದಾಬಸ್‌ಪೇಟೆಯಲ್ಲಿ. ಅಲ್ಲಿಗೆ ತಲುಪದ ಎಷ್ಟೋ ಬೋರ್ಡುಗಳನ್ನು ಗಲ್ಲಿಗಳಲ್ಲಿ ಸುಟ್ಟು, ಆಮ್ಲದಲ್ಲಿ ಅದ್ದಿ ತಾಮ್ರ, ಚಿನ್ನ ತೆಗೆಯುತ್ತಾರೆ. ಸೀಸದ ಹೊಗೆ ಕುಡಿಯುವವರು ಬಡವರ ಮಕ್ಕಳೇ.

ನಮ್ಮ ಮನೆಯಿಂದ ಏನೂ ಕಸಕ್ಕೆ ಹೋಗಲಿಲ್ಲ. ಹಳೆಯ ಹಾರ್ಡ್ ಡಿಸ್ಕ್ ಒಂದು ಡಬ್ಬಿಯೊಳಗೆ ಕೂತು ಮನೆಯ ಫೋಟೋಗಳನ್ನು ಕಾಯುತ್ತಿದೆ. 4 ಜಿಬಿ ರ‍್ಯಾಮ್ ಪಕ್ಕದ ಮನೆಯ ಕಂಪ್ಯೂಟರಿಗೆ ಹೋಯಿತು. ಅದನ್ನು ಹಾಕಿಕೊಟ್ಟದ್ದಕ್ಕೆ ಅವರು ಮಗನಿಗೆ 300 ರೂಪಾಯಿ ಕೊಟ್ಟರು. ಆಮೇಲೆ ಬೀದಿಯ ಇನ್ನೂ ನಾಲ್ಕೈದು ಮನೆಗಳಿಂದ ಕರೆ ಬಂತು. ಎಲ್ಲರದ್ದೂ 2020ರ ಆನ್‌ಲೈನ್ ಪಾಠಕ್ಕೆಂದು ತಂದ ಹಳೆಯ ಕಚೇರಿ ಕಂಪ್ಯೂಟರುಗಳೇ. ಒಬ್ಬ ಹುಡುಗ ಐವತ್ತು ಸಾವಿರದ ಪಟ್ಟಿ ಹಿಡಿದುಕೊಂಡು ಬಂದಿದ್ದ. ಮಗ ಅವನನ್ನು ಪರದೆಯ ಮುಂದೆ ಕೂರಿಸಿ, ಟಾಸ್ಕ್ ಮ್ಯಾನೇಜರ್ ತೆರೆದು, "ತಡೆ ಎಲ್ಲಿದೆ ಎಂದು ಮೊದಲು ನೋಡು" ಎನ್ನುತ್ತಿದ್ದ. ನಾನು ಒಳಗಿನ ಕೋಣೆಯಲ್ಲಿ ಕುಳಿತು ಕೇಳಿಸಿಕೊಂಡೆ.

ಅವನು ಮುಂದೆ ಏನಾಗುತ್ತಾನೋ ಗೊತ್ತಿಲ್ಲ. ಇದೇ ಬೆಂಗಳೂರಿನಲ್ಲಿ 1997ರಲ್ಲೇ ಧ್ರುವ ಇಂಟರಾಕ್ಟಿವ್ ಎಂಬ ಆಟ ತಯಾರಿಸುವ ಕಂಪೆನಿ ಆರಂಭವಾಗಿತ್ತು. ಎಎಂಡಿ ತನ್ನ ಅತಿ ದೊಡ್ಡ ಚಿಪ್ ವಿನ್ಯಾಸ ಕೇಂದ್ರವನ್ನು 2023ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲೇ ತೆರೆಯಿತು. ಅಲ್ಲಿಗೆ ಹೋಗುವ ದಾರಿ ಅವನಿಗೆ ತೆರೆದಿದೆ, ಓದಿದರೆ. ಹೋಗಲಿ ಎಂಬುದೇ ನನ್ನ ಆಸೆ ಈಗಲೂ. ಈಗ ಅವನು ತಿಂಗಳಿಗೆ ಒಂದೆರಡು ಭಾನುವಾರ ಶೆಡ್ಡಿಗೆ ಬರುತ್ತಾನೆ, ಕರೆಯದಿದ್ದರೂ. ಹೆಂಡತಿಯ ಹೊಲಿಗೆ ಯಂತ್ರ ಕಿಟಕಿಯ ಪಕ್ಕದಲ್ಲಿ ಕೂತಿದೆ, ಕಾರ್ಖಾನೆಗೆ ಹೋಗುವುದನ್ನು ಅವಳು ಬಿಟ್ಟಿದ್ದಾಳೆ.

ಹೊಸ ಚೀಟಿ ಆರಂಭಿಸಿದ್ದೇವೆ. ಈ ಸಲದ ಹಣ ನನ್ನ ಲೇತಿಗೆ, ಬೇರಿಂಗ್ ಸದ್ದು ಮಾಡುತ್ತಿದೆ, ಬದಲಾಯಿಸಬೇಕು ಎಂದು ಮೊನ್ನೆ ಊಟದ ಹೊತ್ತಿನಲ್ಲಿ ಹೇಳಿಟ್ಟೆ. ಮಗ ತಟ್ಟೆಯಿಂದ ತಲೆ ಎತ್ತದೆ ಕೇಳಿದ: "ಸದ್ದು ಬೇರಿಂಗಿನದ್ದೇ ಎಂದು ನೋಡಿದ್ದೀಯಾ?"